ಗುಡ್ಡ ಹತ್ತದ ಊರಿನ ಪ್ಲಗ್ ವೈರ್

ನೌರು ದ್ವೀಪದಲ್ಲಿ ಓಡಾಡುವ ಅರ್ಧಕ್ಕರ್ಧ ಕಾರುಗಳ ಜೀವ ನನ್ನ ಭಾವ ಟ್ರೈಸನ್‌ನ ಕೈಯಲ್ಲಿತ್ತು. ಬಂದರಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತು, ಇಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಹೇಳಿದ ಮೇಲೆ ಒಂದು ಜಂಬದ ನಗು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹರೆಯದಲ್ಲಿ ಅವನು ಮೆಲ್ಬರ್ನಿನ ಗ್ಯಾರೇಜಿನಲ್ಲಿ ಎರಡು ವರ್ಷ ದುಡಿದವನು. ಸಕ್ಕರೆ ಕಾಯಿಲೆಯಿಂದ ತಾಯಿ ಎಲ್ಮಾಳ ಕಾಲು ತೆಗೆದಾಗ ಮೂರು ತಿಂಗಳಿಗೆಂದು ದ್ವೀಪಕ್ಕೆ ಮರಳಿದ. ಮೂವತ್ತೊಂದು ವರ್ಷ ಕಳೆಯಿತು. ದಿನಾ ಸಂಜೆ ಕಾರು ತೆಗೆದು ದ್ವೀಪದ ಸುತ್ತಿನ ರಸ್ತೆಯಲ್ಲಿ ಮೂರು ಸುತ್ತು ಹಾಕುತ್ತಿದ್ದ. ಅರ್ಧ ಗಂಟೆಗೊಮ್ಮೆ ಅದೇ ಚರ್ಚು, ಅದೇ ವಿಮಾನ ನಿಲ್ದಾಣ, ಅದೇ ನಾವು. ಗಾಣದೆತ್ತಿನ ಬಾಳು. ಅವನಿಗೆ ಉಸಿರುಗಟ್ಟುತ್ತಿತ್ತು ಎಂದು ನನಗೆ ಗೊತ್ತಿತ್ತು, ಆದರೂ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಇಂಜಿನ್ನಿಗೆ ಕಿಡಿ ಒಯ್ಯುವ ಪ್ಲಗ್ ವೈರ್ ಯಾವಾಗ ಬದಲಿಸಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಏರಿನಲ್ಲಿ ಗಾಡಿ ಜಗ್ಗಿದರೆ, ಭಾರ ಬಿದ್ದಾಗ ಕೆಮ್ಮಿದರೆ ಅನುಮಾನ ಪಡಬೇಕು. ಇಂಜಿನ್ ಓಡುತ್ತಿರುವಾಗ ಕತ್ತಲು ಮಾಡಿ, ವೈರಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿದರೆ, ಬಿರುಕು ಬಿಟ್ಟಲ್ಲಿ ನೀಲಿ ಕಿಡಿ ಹಾರುತ್ತದೆ. ಆದರೆ ನಮ್ಮಲ್ಲಿ ಏರು ಎಲ್ಲಿದೆ? ಹಳೆಯ ಫಾಸ್ಫೇಟ್ ಗಣಿಯ ಗುಡ್ಡಕ್ಕೆ ಯಾರೂ ಹೋಗುವುದಿಲ್ಲ. ಸಪಾಟು ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಹೋಗುವ ಗಾಡಿ ತನ್ನ ರೋಗ ಹೇಳುವುದೇ ಇಲ್ಲ. ಹಾಗಾಗಿ ವೈರ್ ತರಿಸಲೇ ಎಂದು ಯಾರಾದರೂ ಕೇಳಿದರೆ, ಮುಂದಿನ ಹಡಗಿಗೆ ನೋಡೋಣ ಎನ್ನುತ್ತಿದ್ದ. ಹಡಗುಗಳು ಬಂದವು, ಹೋದವು.

ಒಂದು ಮಂಗಳವಾರ ಮಧ್ಯಾಹ್ನ ಸೈರನ್ ಕೂಗಿತು. ದೂರದಲ್ಲಿ ಸಮುದ್ರದ ತಳ ನಡುಗಿದೆ, ಮುಕ್ಕಾಲು ಗಂಟೆಯಲ್ಲಿ ಅಲೆ ಬರಬಹುದು, ಎಲ್ಲರೂ ಗುಡ್ಡ ಹತ್ತಿ ಎಂದು ರೇಡಿಯೋ ಹೇಳಿತು. ಎಲ್ಮಾಳನ್ನು ಎತ್ತಿ ಟ್ರೈಸನ್‌ನ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಹಿಂದೆ ನಾನು, ಅವನ ಹೆಂಡತಿಯಾದ ನನ್ನ ಅಕ್ಕ, ನೆರೆಮನೆಯ ಇಬ್ಬರು ಹೆಂಗಸರು.

ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಗಾಡಿ ಕೆಮ್ಮಿತು, ಜಗ್ಗಿತು, ನಿಂತೇ ಹೋಯಿತು. ಮುಂದೆಯೂ ಎರಡು ಕಾರು ಹಾಗೇ ನಿಂತಿದ್ದವು. ಹಿಂದೆ ಸಾಲು. ಎರಡೂ ಬದಿ ಗಣಿ ಅಗೆದು ಉಳಿದ ಆಳೆತ್ತರದ ಮೊನಚು ಕಲ್ಲು. ನಿಂತ ಗಾಡಿಯೆಲ್ಲ ಅವನ ಶೆಡ್ಡಿನಲ್ಲಿ ರಿಪೇರಿಯಾದವೇ. ಹಾರ್ನುಗಳ ನಡುವೆ ಯಾರೋ ಅವನ ಹೆಸರು ಹಿಡಿದು ಬೈಯುತ್ತಿದ್ದರು.

ಎಲ್ಮಾ ಮಗನ ತೋಳು ಹಿಡಿದಳು. "ನನ್ನ ಇಲ್ಲೇ ಬಿಟ್ಟು ನಡ್ಕೊಂಡು ಹೋಗ್ರೋ. ನನ್ ದೆಸೆಯಿಂದ ನೀನು ಸಿಕ್ಕಾಕ್ಕೊಂಡಿದ್ದು ಸಾಕು ಮಗಾ."

"ಸುಮ್ನೆ ಕೂತ್ಕೊ ಅಮ್ಮಾ," ಎಂದು ಅವನು ಬಾನೆಟ್ ಎತ್ತಿದ. ಅವಳ ಹೊದಿಕೆ ಎಳೆದು ತಲೆಯ ಮೇಲೆ ಹಾಕಿಕೊಂಡ. ನಾನು ಅವನ ಸೀಟಿಗೆ ಬಂದು ಸ್ಟಾರ್ಟ್ ಮಾಡಿದೆ. ಕುಡಿಯುವ ನೀರು ಚಿಮುಕಿಸಿ, ಹೊದಿಕೆಯೊಳಗಿಂದಲೇ ಹೇಳಿದ: "ಮೂರನೇದು. ನಂಗೆ ಗೊತ್ತಿತ್ತು ಕಣೇ. ಎಲ್ಲಾ ಗೊತ್ತಿತ್ತು."

ಇಂಜಿನ್ ನಿಲ್ಲಿಸಲು ಹೇಳಿ, ತನ್ನ ಹವಾಯಿ ಚಪ್ಪಲಿಯನ್ನು ಕತ್ತರಿಸಿ, ಬಿರುಕಿನಿಂದ ಕಿಡಿ ಕಬ್ಬಿಣಕ್ಕೆ ಹಾರದಂತೆ ಆ ವೈರಿನಡಿ ರಬ್ಬರ್ ತುಂಡು ಸಿಕ್ಕಿಸಿದ. ಬರಿಗಾಲಲ್ಲೇ ಓಡಿ ಮುಂದಿನ ಎರಡಕ್ಕೂ ಉಳಿದ ತುಂಡು ಸಿಕ್ಕಿಸಿ ಬಂದ. ಸಾಲು ಕುಂಟುತ್ತ ಮೇಲೇರಿತು.

ಅಲೆ ಬಂದಾಗ ಗೇಣೆತ್ತರವೂ ಇರಲಿಲ್ಲ. ಜನ ನಕ್ಕರು. ಅವನು ನಗಲಿಲ್ಲ.

ಮುಂದಿನ ಹಡಗಿಗೆ ಪೆಟ್ಟಿಗೆಗಟ್ಟಲೆ ವೈರ್ ಬಂತು. ಈಗ ಅವನಲ್ಲಿ ರಿಪೇರಿಗೆ ಬಂದ ಯಾವ ಕಾರೂ ನಾಲ್ಕು ಜನರನ್ನು ಹೊತ್ತು ಗುಡ್ಡ ಹತ್ತದೆ ಮನೆಗೆ ಹೋಗುವಂತಿಲ್ಲ. ತನ್ನ ಗಾಡಿಗೆ ಕೊನೆಗೆ ಹಾಕಿಕೊಂಡ. ಪರೀಕ್ಷೆಗೆ ನಾನೂ ಅಕ್ಕನೂ ಎಲ್ಮಾಳೂ ಹತ್ತಿದೆವು. ಗಾಡಿ ಒಮ್ಮೆಯೂ ಜಗ್ಗಲಿಲ್ಲ.

ಮೇಲಿನಿಂದ ಇಡೀ ದ್ವೀಪ, ಅದರ ಸುತ್ತಿನ ರಸ್ತೆ, ಆಮೇಲೆ ಬರೀ ನೀರು ಕಂಡಿತು. ಎಲ್ಮಾ ಬಹಳ ಹೊತ್ತು ನೋಡಿದಳು.

"ಗಾಡಿ ಚೆನ್ನಾಗಾಯ್ತು. ಇನ್ನು ಎಲ್ಲಿಗೆ ಹೋಗ್ತೀಯೋ?"

ಅವನು ಗಾಡಿ ತಿರುಗಿಸಿ ಇಳಿಸಿದ, ರಸ್ತೆ ಸೇರಿದ ಮೇಲೆ ದಿನದಂತೆ ಎಡಕ್ಕೆ ಹೊರಳಿಸಿ ಮೊದಲ ಸುತ್ತು ಶುರು ಮಾಡಿದ.