ಟವೆಲ್ ಹೊದ್ದ ಕಂಪ್ಯೂಟರು

ಇಂಟರ್ನೆಟ್ ಹೊಸದಾಗಿ ಬಂದಿದ್ದ ಕಾಲ. ಸೇಲಂನ ಹಳೇ ಬಸ್ ಸ್ಟ್ಯಾಂಡ್ ಹತ್ತಿರ, ಜವಳಿ ಅಂಗಡಿಯ ಮಹಡಿ ಮೇಲೆ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ಆ ಶನಿವಾರ ಮಧ್ಯಾಹ್ನ ಅಲ್ಲಿದ್ದವರು ಸೆಂಟರಿನ ಯಜಮಾನಿ, ಎಡಪ್ಪಾಡಿಯಿಂದ ಬಂದಿದ್ದ ನನ್ನ ಚಿಕ್ಕಮ್ಮ, ನಾನು. ಬಾಗಿಲಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್.

ಚಿಕ್ಕಮ್ಮ ಪ್ರತಿ ಶನಿವಾರ ಬರುತ್ತಿದ್ದದ್ದು ಮಗಳ ಮೇಲ್ ಕೇಳೋಕೆ. ಮಗಳನ್ನು ಸೂರತ್ತಿಗೆ ಕೊಟ್ಟಿದ್ದರು. ಅಲ್ಲಿ ಫೋನು ಅತ್ತೆಯ ಕುರ್ಚಿ ಪಕ್ಕದಲ್ಲೇ, ಬಾಯಿಬಿಟ್ಟು ಮಾತಾಡುವ ಹಾಗಿಲ್ಲ. ಆದರೆ ಅವಳು ಟೈಪಿಂಗ್ ಕೆಲಸಕ್ಕೆ ಹೋಗುತ್ತಿದ್ದ ಆಫೀಸಿನಲ್ಲಿ ಇಂಟರ್ನೆಟ್ ಇತ್ತು. ನಮಗೆಲ್ಲ ಕನ್ನಡ ದೊಡ್ಡವರ ಬಾಯಿಂದ ಬಂದದ್ದು, ಇಸ್ಕೂಲಲ್ಲಿ ಕಲಿತದ್ದು ತಮಿಳು. ಹಾಗಾಗಿ ಅವಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು. ನಾನು ಚಿಕ್ಕಮ್ಮನ ಕಿವಿಯಲ್ಲಿ ಓದುತ್ತಿದ್ದೆ. ಅವತ್ತಿನದು ಎರಡೇ ಸಾಲು: ‘ಚೆನ್ನಾಗಿದೀನಿ. ಇನ್ನೊಂದು ವಿಷಯ ಐತೆ, ಆಮೇಲೆ ಬರೀತೀನಿ.’

“ಏನ್ಲಾ ಅದು ವಿಷಯ?” ಅಂತ ಚಿಕ್ಕಮ್ಮ ಕೇಳುವಾಗಲೇ ಬಾಗಿಲಲ್ಲಿದ್ದ ಪೊಲೀಸಿನವ ಶುರುಮಾಡಿದ್ದು. ನೆಟ್ಟಿಗೆ ಹೊಸ ಸಟ್ಟ, ಅಂದರೆ ಕಾನೂನು, ಬರುತ್ತಂತೆ. ಮಧ್ಯದ ಪ್ಲೈವುಡ್ ತಡಿಕೆ ತೆಗೀಬೇಕು, ಪರದೆಗಳೆಲ್ಲ ಬಾಗಿಲ ಕಡೆ ತಿರುಗಬೇಕು, ಬಂದ ಮೇಲ್‌ಗಳ ಒಂದೊಂದು ಪ್ರಿಂಟು ಸ್ಟೇಷನ್ನಿಗೆ ತಲುಪಬೇಕು.

“ನನ್ನ ಮಗಳು ಬರ್ದಿದ್ದು ನಿಮಗ್ಯಾಕೆ ಸಾರ್?”

“ತಪ್ಪು ಇಲ್ದೋರಿಗೆ ಭಯ ಯಾಕಮ್ಮಾ?”

ಚಿಕ್ಕಮ್ಮ ಚೀಲದಿಂದ ಟವೆಲ್ ತೆಗೆದು ಕಂಪ್ಯೂಟರಿಗೆ ಹೊದಿಸಿಬಿಟ್ಟಳು.

“ಎನ್ನಮ್ಮಾ ಇದು! ಅದಕ್ಕೇನು ಚಳಿಯಾ?”

“ನಮ್ಮನೇಲಿ ಹೊಸ ಅಂಚಿನ ಸೀರೆ ಮಗ್ಗದಲ್ಲಿದ್ರೆ ಯಾರು ಬಂದ್ರೂ ಮ್ಯಾಲೊಂದು ಬಟ್ಟೆ ಆಕ್ತೀವಿ. ಅಳಿಯ ಬಂದ್ರೂ ಅಷ್ಟೇ. ಅದೇನು ಕಳ್ಳಮಾಲಾ ಸಾರ್? ಇನ್ನೂ ನೇಯ್ತಾ ಅವ್ರೆ, ಅಷ್ಟೇ. ಕುಯ್ದು ಮಡಚಿದ ಮ್ಯಾಲೆ ಊರೇ ನೋಡ್ಲಿ.”

ಆತ ನಗು ತಡಕೊಂಡು, “ಸೋಮವಾರ ಬರ್ತೀನಿ,” ಅಂತ ಇಳಿದು ಹೋದ. ಚಿಕ್ಕಮ್ಮ ನನ್ನ ಕೈಲಿ ಮಗಳಿಗೆ ಮೇಲ್ ಟೈಪ್ ಮಾಡಿಸಿದಳು: ‘ತಡಿ. ಯಾರೋ ಓದ್ತಾರಂತೆ.’

ಬಸ್ಸಿನ ಹತ್ತಿರ ನಿಂತು ಕೇಳಿದಳು, “ಸಟ್ಟ ಬಂದೈತಾ, ಬರ್ತೈತಾ?”

ನಾನು ಕೇಳಬೇಕಾದ ಪ್ರಶ್ನೆ, ನೋಡಿ. ನನಗೂ ಹುಳ ಹೊಕ್ಕಿತು. ಲೈಬ್ರರಿಯಲ್ಲಿ ಕೂತು ಪೇಪರುಗಳನ್ನೆಲ್ಲ ತಿರುವಿದೆ. ನೆಟ್ಟಿನ ಕಾನೂನು ದಿಲ್ಲಿಯಲ್ಲಿ ಇನ್ನೂ ಮಾತಿನಲ್ಲೇ ಇತ್ತು. ಮಾತಿನಲ್ಲಿ ಇರೋದಾದರೆ ನಾವೂ ಮಾತಾಡಬಹುದಲ್ಲ? ಒಂದು ಅರ್ಜಿ ಬರೆದೆ: ಯಾವ ಕಾನೂನಿನ ಪ್ರಕಾರ ಕೇಳುತ್ತಿದ್ದೀರಿ, ಬರೆದುಕೊಡಿ, ಕೋರ್ಟು ಒಪ್ಪದೆ ನಮ್ಮ ಕಾಗದ ಓದುವ ಕಾನೂನು ನಮಗೆ ಬೇಡ.

ಯಜಮಾನಿ ಅರ್ಜಿಯನ್ನು ನನ್ನ ಕಡೆಗೇ ತಳ್ಳಿದಳು. “ಅಂಗಡಿ ಮುಚ್ಚಿಸಿಬುಟ್ರೆ?”

ಚಿಕ್ಕಮ್ಮ ಸೋಮವಾರವೂ ಬಂದಿದ್ದಳು. “ಒಬ್ಳೇ ಹೋದ್ರೆ ಮುಚ್ಚಿಸ್ತಾರೆ. ಮೇಲ್ ನೋಡಾಕೆ ಬರೋರ್ನೆಲ್ಲ ಕರ್ಕೊಂಡೋಗಾಣ ನಡಿ.”

ಕಾಲೇಜು ಹುಡುಗಿಯರು, ಲಾರಿ ಬುಕಿಂಗಿನವರು, ಒಬ್ಬ ರಿಟೈರ್ಡ್ ಮೇಷ್ಟ್ರು, ಎಲ್ಲರೂ ಸೈನ್ ಹಾಕಿ ಸ್ಟೇಷನ್ ಮೆಟ್ಟಿಲು ಹತ್ತಿದೆವು. ಇನ್‌ಸ್ಪೆಕ್ಟರ್ ಅರ್ಜಿ ಓದಿ, ನಮ್ಮ ಗುಂಪನ್ನೊಮ್ಮೆ ನೋಡಿ, ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿ, “ಆರ್ಡರ್ ಎಂಗೇಯ್ಯಾ, ಎಲ್ಲಿ?” ಅಂದರು. ಆರ್ಡರ್ ಎಲ್ಲಿಂದ ಬರಬೇಕು? “ಸಟ್ಟ ಬಂದಾಗ ನೋಡೋಣ, ಹೋಗಿ,” ಅಂದರು. ನಮ್ಮ ಕಾಪಿಗೆ ಸೀಲ್ ಒತ್ತುವ ತನಕ ಚಿಕ್ಕಮ್ಮ ಬೆಂಚು ಬಿಟ್ಟು ಏಳಲಿಲ್ಲ.

ಇನ್ನೊಂದು ಕಾಪಿ ದಿಲ್ಲಿಗೆ, ಕಾನೂನು ಮಾಡೋರಿಗೆ ಕಳಿಸಿದೆವು. ಉತ್ತರ ಬರಲಿಲ್ಲ. ಆ ಕವರನ್ನು ಅಲ್ಲಿ ಯಾರು ಒಡೆದರು, ಓದಿ ಏನಂದುಕೊಂಡರು ಅಂತ ಈಗಲೂ ನನಗೆ ಕುತೂಹಲ.

ಸ್ಟೇಷನ್ನಿಂದ ನೇರ ಸೆಂಟರಿಗೆ ಬಂದು ಮಗಳಿಗೆ ಮೇಲ್ ಕಳಿಸಿದ್ದೆವು: ‘ಈಗ ಬರಿ. ಯಾರೂ ಓದಲ್ಲ.’

ಶನಿವಾರ ಹೋದಾಗ ತಡಿಕೆಗಳು ಇದ್ದ ಜಾಗದಲ್ಲೇ ಇದ್ದವು. ಯಾರೋ ತಮಾಷೆಗೆ ಒಂದೊಂದು ಕಂಪ್ಯೂಟರಿಗೂ ಟವೆಲ್ ಹೊದಿಸಿದ್ದರು. ಮಗಳ ಮೇಲ್ ಉದ್ದಕ್ಕಿತ್ತು. ಗಂಡ ಹೊಡೀತಾನೆ, ಮದುವೆಯಾದಾಗಿಂದ ಹೊಡೀತಾನೆ, ಫೋನಲ್ಲಿ ಹೇಳೋಕಾಗಲ್ಲ, ಅಮ್ಮಾ ಬಾ.

ಚಿಕ್ಕಮ್ಮ ಇನ್ನೊಂದು ಸಲ ಓದು ಅನ್ನಲಿಲ್ಲ. ಅವತ್ತು ಎಡಪ್ಪಾಡಿ ಬಸ್ಸು ಹತ್ತದೆ, ನನ್ನನ್ನು ಕರಕೊಂಡು ಜಂಕ್ಷನ್ನಿಗೆ ಹೋಗಿ ರೈಲು ಹತ್ತಿದಳು. ದೀಪಾವಳಿಗೆ ಮೊದಲೇ ಮಗಳನ್ನು ಮನೆಗೆ ಕರೆದುಕೊಂಡು ಬಂದೆವು.