ಶೌಚಾಲಯಕ್ಕೆ ಯಾರ ಹೆಸರು

ಯಲಹಂಕ ಹಳೇಪೇಟೆಯಲ್ಲಿ ಮ್ಯಾಚಿಂಗ್ ಸೆಂಟರ್ ಇಟ್ಟುಕೊಂಡಿದ್ದ ಸರಳಾ, ಬೆಳಗ್ಗೆ ಅಂಗಡಿ ಬಾಗಿಲು ತೆಗೆದರೆ ರಾತ್ರಿ ಮನೆ ಸೇರುವ ತನಕ ನೀರು ಕುಡಿಯುತ್ತಿರಲಿಲ್ಲ. ವ್ರತ ಗಿತ ಏನೂ ಅಲ್ಲ. ಆ ಬೀದಿಯಲ್ಲಿ ಹೆಂಗಸರು ಹೋಗಿಬರಲು ಒಂದು ಜಾಗವಿರಲಿಲ್ಲ, ಅಷ್ಟೇ. ಗಂಡಸರಿಗೇನು, ಹಳೇ ನೀರಿನ ಟ್ಯಾಂಕಿನ ಹಿಂದೆ ಉದ್ದನೆಯ ಗೋಡೆ ಇತ್ತು. ಸರಳಾ ಮತ್ತು ಪಕ್ಕದ ಬಳೆ ಅಂಗಡಿಯ ತಾಹೆರಾ ಮಾತ್ರ, ತಡೆಯಲಾಗದಿದ್ದಾಗ ಶಟರ್ ಅರ್ಧ ಎಳೆದು, ಆಟೋ ಹಿಡಿದು ತಾಹೆರಾಳ ಅಕ್ಕನ ಮನೆಗೆ ಓಡಬೇಕು. ವಾಪಸ್ ಬರುವಷ್ಟರಲ್ಲಿ ಲೈನಿಂಗ್ ಬಟ್ಟೆ ಕೇಳಿಕೊಂಡು ಬಂದವಳು ಎದುರಿನ ಅಂಗಡಿ ಹತ್ತಿರುತ್ತಿದ್ದಳು.

ಬೀದಿಗೆ ಖರ್ಚು ಮಾಡುವವರು ಇಲ್ಲದೇ ಹೋಗಿದ್ದರೆ ಸುಮ್ಮನಿರಬಹುದಿತ್ತು. ಇದ್ದರಲ್ಲ! ಏರ್‌ಪೋರ್ಟ್ ರಸ್ತೆಯುದ್ದಕ್ಕೂ ದೊಡ್ಡ ದೊಡ್ಡ ಮಳಿಗೆಗಳು ಎದ್ದು, ಗಿರಾಕಿಗಳು ಅತ್ತ ವಾಲತೊಡಗಿದ ಮೇಲೆ ಪೇಟೆಯವರು ವರ್ತಕರ ಸಂಘ ಕಟ್ಟಿದ್ದರು. ಬೀದಿ ಚೆನ್ನಾಗಿದ್ದರೆ ಜನ ಬರುತ್ತಾರೆ ಎಂದು ಪ್ರತಿ ಅಂಗಡಿಯೂ ತಿಂಗಳು ತಿಂಗಳು ವಂತಿಗೆ ಕೊಡಬೇಕು. ಹಾರ್ಡ್‌ವೇರ್ ಅಂಗಡಿಯ ಬ್ಯಾಟರಾಯಪ್ಪ ಅಧ್ಯಕ್ಷ. ಆಲೋಚನೆಯೇನೋ ಒಳ್ಳೆಯದೇ. ಆದರೆ ಕೊಟ್ಟವರ ಹೆಸರು ಎದ್ದು ಕಾಣಬೇಕು, ಹೆಚ್ಚು ಕೊಟ್ಟವರದು ಮೇಲೆ ಬರಬೇಕು ಎನ್ನುವುದೊಂದು ಪದ್ಧತಿ ಬಿದ್ದುಬಿಟ್ಟಿತು. ದೀಪದ ಕಂಬಕ್ಕೆ ಹೆಸರು. ಕಲ್ಲುಬೆಂಚಿನ ಬೆನ್ನಿಗೆ ಒಡವೆ ಅಂಗಡಿಯವರ ತಾತನ ಹೆಸರು. ಬೀದಿಯ ಬಾಯಲ್ಲಿ ಕಮಾನು ಕಟ್ಟುವಾಗಲಂತೂ ಯಾರ ಹೆಸರು ಮೊದಲು ಎಂದು ಜಗಳವಾಗಿ, ಎರಡು ಕಂಬ ಬರೀ ಆಕಾಶ ನೋಡುತ್ತ ಮಳೆಗಾಲ ಪೂರ್ತಿ ನಿಂತಿದ್ದವು.

ಪ್ರತಿ ಸಭೆಯಲ್ಲೂ ಸರಳಾ ಎದ್ದು ನಿಂತು ಶೌಚಾಲಯದ ಮಾತೆತ್ತುತ್ತಿದ್ದಳು. "ಮುಂದಿನ ಸಲ ನೋಡೋಣ ಸರಳಮ್ಮ" ಎಂದು ಬ್ಯಾಟರಾಯಪ್ಪ ಬೋಂಡದ ತಟ್ಟೆಯನ್ನು ಅವಳ ಕಡೆ ತಳ್ಳುತ್ತಿದ್ದ. ಅವಳಿಗೆ ಮೈ ಉರಿದುಹೋಗುತ್ತಿತ್ತು. ಬೋಂಡ ತಿಂದರೆ ಬಾಯಾರುತ್ತದೆ ಎನ್ನುವುದೂ ಈ ಮನುಷ್ಯನಿಗೆ ತಿಳಿಯುವುದಿಲ್ಲವೇ?

ಎರಡು ಸಾವಿರದ ಹದಿಮೂರರ ಬೇಸಿಗೆಯಲ್ಲಿ ಸರಳಾಗೆ ಉರಿಮೂತ್ರ ಹತ್ತಿ, ಜ್ವರ ಬಂದು ಆಸ್ಪತ್ರೆ ಸೇರಿದಳು. ಇನ್ನೂ ಹೀಗೇ ನೀರು ಬಿಟ್ಟರೆ ಕಿಡ್ನಿ ಕೈಕೊಡುತ್ತದೆ, ನೀರು ಕುಡಿಯಿರಿ, ಇಲ್ಲವೇ ಅಂಗಡಿ ಬಿಡಿ ಎಂದರು ಡಾಕ್ಟರು. ಅಂಗಡಿ ಬಿಡುವುದೆಂದರೇನು? ಗಂಡ ಸುರೇಶನ ಕೆಲಸ ಇವತ್ತು ಇದ್ದರೆ ನಾಳೆ ಇಲ್ಲ. ಮನೆ ನಡೆಯುತ್ತಿದ್ದುದೇ ಆ ಅಂಗಡಿಯಿಂದ.

ಆಸ್ಪತ್ರೆಯಿಂದ ಬಂದವಳು ನೆಟ್ಟಗೆ ಸಭೆಗೆ ಹೋಗಿ ಕೂತಳು. ಈ ಸಲ ಎಲ್ಲರೂ ಅಯ್ಯೋ ಪಾಪ ಎಂದು ಒಪ್ಪಿದರು. ಟ್ಯಾಂಕಿನ ಪಕ್ಕದ ಜಾಗವೂ ಗೊತ್ತಾಯಿತು. ಆಮೇಲೆ ಬಂತು ನೋಡಿ ತೊಡಕು.

"ಹೆಸರು ಯಾರ್ದು ಹಾಕ್ಸೋದು?" ಎಂದ ಬ್ಯಾಟರಾಯಪ್ಪ.

ಕಮಾನಿನ ಮೇಲೆ ಜಾಗಕ್ಕಾಗಿ ಕಾಲರ್ ಹಿಡಿದುಕೊಂಡಿದ್ದವರೆಲ್ಲ ಈಗ ಫ್ಯಾನು ನೋಡುತ್ತ ಕೂತರು. ಒಡವೆ ಅಂಗಡಿಯವನು ಬಾಯಿಬಿಟ್ಟೇ ಹೇಳಿದ. "ನಮ್ ತಾತನ ಹೆಸರನ್ನ ಕಕ್ಕಸ್ಸಿನ ಮೇಲೆ ಬರೆಸಕ್ಕಾಗುತ್ತೇನ್ರೀ?"

"ಹೆಸರೇ ಬೇಡ ಬಿಡಿ" ಎಂದಳು ತಾಹೆರಾ.

"ಹೆಸರಿಲ್ದೆ ಯಾರಮ್ಮ ದುಡ್ಡು ಬಿಚ್ತಾರೆ? ಕಮಿಟಿ ರೂಲ್ಸೇ ಹಂಗಿದೆ" ಎಂದ ಬ್ಯಾಟರಾಯಪ್ಪ.

ತಾವೇ ಮಾಡಿದ ರೂಲ್ಸು. ಬದಲಾಯಿಸಲು ಒಂದು ಗಳಿಗೆ ಸಾಕು. ಆದರೆ ಒಬ್ಬರಿಗೂ ಅದು ತೋಚಲಿಲ್ಲ. ಮಾತು ಮತ್ತೆ ಮುಂದಿನ ಸಲಕ್ಕೆ ಜಾರುವುದು ಕಂಡು ಸರಳಾ ರೇಗಿ ಎದ್ದಳು.

"ನನ್ ಹೆಸರು ಹಾಕ್ಸಿ. ನಿಮ್ಮೆಲ್ರ ಮರ್ಯಾದೆ ಉಳ್ಕೊಳ್ಲಿ."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಅತ್ತೆ ಮುನಿನಾರಾಯಣಮ್ಮ ಮಾತ್ರ ವಾರವಿಡೀ ಮುಖ ಗಂಟಿಕ್ಕಿಕೊಂಡಿದ್ದರು. "ಇಂಗಾ ಮನೆ ಮಾನ ಕಳ್ಯೋದು? ನೆಂಟ್ರು ಬಂದ್ರೆ ಏನಂತ ಏಳ್ಲಿ?" ಎಂದು ಪಾತ್ರೆ ಕುಕ್ಕಿದರು.

ಅಂತೂ ಸಂಘದ ವಂತಿಗೆ ದುಡ್ಡಿನಲ್ಲೇ ಕಟ್ಟಡ ಎದ್ದಿತು. ಬಾಗಿಲ ಮೇಲೆ 'ದಾನಿಗಳು: ಶ್ರೀಮತಿ ಸರಳಾ' ಎಂಬ ತಗಡಿನ ಬೋರ್ಡು. ಗುಡಿಸುವುದು ತೊಳೆಯುವುದನ್ನು ಸರಳಾ, ತಾಹೆರಾ ಆಳಿನ ಹಿಂದೆಯೇ ನಿಂತು ಮಾಡಿಸುತ್ತಿದ್ದರು. ಸರಳಾಳ ಗಲ್ಲಾಪೆಟ್ಟಿಗೆಯ ಪಕ್ಕ ನೀರಿನ ಬಾಟಲಿ ಬಂತು. ಹೆಂಗಸರು ಮಕ್ಕಳನ್ನು ಕರೆದುಕೊಂಡು ನಿಧಾನವಾಗಿ ವ್ಯಾಪಾರ ಮಾಡತೊಡಗಿದರು. ಮರುವರ್ಷ ಪೇಪರಿನವರೊಬ್ಬರು ಬಂದು, ಪೇಟೆಯವರು ತಾವೇ ಸೇರಿ ಕಟ್ಟಿಕೊಂಡ ಶುಚಿಯಾದ ಶೌಚಾಲಯ ಎಂದು ಫೋಟೋ ಸಮೇತ ಹಾಕಿಬಿಟ್ಟರು. ಕೆಟ್ಟಿದ್ದು ಅಲ್ಲೇ.

ವಾರ ಕಳೆಯುವುದರೊಳಗೆ ತಗಡು ಹೋಗಿ ಕರೀ ಗ್ರಾನೈಟು ಬಂತು. ಮೇಲೆ ಬ್ಯಾಟರಾಯಪ್ಪ, ಕೆಳಗೆ ಒಡವೆ ಅಂಗಡಿಯ ತಾತ, ಆಮೇಲೆ ಸಾಲುಸಾಲಾಗಿ ಉಳಿದವರು. ಎಲ್ಲ ಬಂಗಾರದ ಅಕ್ಷರ. ಸರಳಾಳ ಹೆಸರು ಎಲ್ಲೂ ಇರಲಿಲ್ಲ. ಅಷ್ಟೇ ಆಗಿದ್ದರೆ ಅವಳು ತಲೆ ಕೊಡವಿ ಸುಮ್ಮನಾಗುತ್ತಿದ್ದಳೇನೋ. ಬಾಗಿಲಿಗೆ ಬೀಗವೂ ಬಿದ್ದಿತ್ತು.

ಮಧ್ಯಾಹ್ನ ಅವಳು ಹಾರ್ಡ್‌ವೇರ್ ಅಂಗಡಿಗೆ ಹೋದಳು. ಬೆಳಗಿನಿಂದ ಒಂದು ಬಾಟಲಿ ನೀರು ಒಳಗಿತ್ತು.

"ಕೀ ಕೊಡಣ್ಣ."

"ನಾಡಿದ್ದು ದೊಡ್ಡೋರು ನೋಡಕ್ ಬರ್ತಾರೆ ಸರಳಮ್ಮ. ಅಲ್ಲೀವರ್ಗೂ ಗಲೀಜಾಗ್ಬಾರ್ದು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ."

"ಎಷ್ಟ್ ವರ್ಷ ಅಣ್ಣ ಅಡ್ಜಸ್ಟ್ ಮಾಡ್ಕೊಳ್ಳೋದು?"

ಅವನು ಎದುರಿಗಿದ್ದ ಗಿರಾಕಿಗೆ ಮೊಳೆ ತೂಗುತ್ತ ತಲೆ ಎತ್ತಲಿಲ್ಲ. ಸರಳಾ ಗೋಡೆಗೆ ನೇತುಹಾಕಿದ್ದ ಸಾಮಾನುಗಳ ಕಡೆ ಕೈ ತೋರಿಸಿದಳು.

"ಹಂಗಾದ್ರೆ ಆ ಸುತ್ತಿಗೆ ಕೊಡಿ. ದೊಡ್ಡದು."

ವ್ಯಾಪಾರವಲ್ಲವೇ, ಅವನ ಕೈ ತಾನಾಗಿಯೇ ಎತ್ತಿ ಕೊಟ್ಟಿತು. ದುಡ್ಡನ್ನೂ ತೆಗೆದುಕೊಂಡ. ಅವಳು ಟ್ಯಾಂಕಿನ ಕಡೆ ತಿರುಗಿದಾಗ ಗೊತ್ತಾಗಿ, ತಕ್ಕಡಿ ಹಾಗೇ ಬಿಟ್ಟು ಹಿಂದೆ ಓಡಿಬಂದ. ಅಷ್ಟರಲ್ಲಿ ಬೀಗ ಎರಡನೇ ಏಟಿಗೆ ಕಳಚಿ ಬಿದ್ದಿತ್ತು. ಗ್ರಾನೈಟನ್ನು ಅವಳು ಮುಟ್ಟಲಿಲ್ಲ. ಕದ ನೂಕಿ ಒಳಗೆ ಹೋಗುವ ಮೊದಲು ಸುತ್ತಿಗೆಯನ್ನು ಅವನ ಕೈಗೇ ಕೊಟ್ಟಳು.

"ಹಿಡ್ಕೊಂಡಿರಿ ಅಣ್ಣ, ಬರ್ತೀನಿ."

ಅವಳು ಹೊರಗೆ ಬರುವ ತನಕ ಬ್ಯಾಟರಾಯಪ್ಪ ಬೀದಿಯವರೆಲ್ಲರ ಎದುರು, ತನ್ನ ಬಂಗಾರದ ಹೆಸರಿನ ಕೆಳಗೆ, ಸುತ್ತಿಗೆ ಹಿಡಿದುಕೊಂಡು ನಿಂತೇ ಇದ್ದ.