ಶಮಾ ಬಿಸಾಡದ ಹಳೇ ಕಾರ್ಡು

"ಯಾ ಅಲ್ಲಾ, ಮತ್ತ ಕಣ್ಣು ಮುಚ್ಚೇತಿ ನೋಡ್ರಿ ಇದು!"

ಗಂಗಾವತಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಮಾ ಆಗಲೇ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಒಳಗಿನ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಕಿತ್ತು, ಅದರ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕುತ್ತಿದ್ದಾರೆ. ತಿಕ್ಕುವುದೂ ಬೈಯುವುದೂ ಜೊತೆಜೊತೆಗೇ ನಡೆದಿದೆ. ನಿನ್ನೆಯೇ ತಾವರಗೇರಾದಿಂದ ಬಂದು ನೆಂಟರ ಮನೆಯಲ್ಲಿ ತಂಗಿದ್ದ ದುರಗಮ್ಮ, ಮಡಿಲಲ್ಲಿ ವಿಡಿಯೋ ಕ್ಯಾಸೆಟ್ ಇಟ್ಟುಕೊಂಡು ಬಾಗಿಲ ಬಳಿ ಕೂತಿದ್ದಾರೆ. ಅಕ್ಕಿ ಗಿರಣಿಗಳು ಚಾಲೂ ಆದರೆ ಈ ಓಣಿಯ ಕರೆಂಟು ಸೊರಗುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು.

ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ಶಮಾ ಅವರ ಕಸುಬು. ತಂದೆ ನೂರಸಾಬ 1997ರಲ್ಲಿ ಕ್ಯಾಮೆರಾ ಹೆಗಲಿಗೇರಿಸಿದವರು. ಅವರ ಕಣ್ಣು ಮಂಜಾದ ಮೇಲೆ ಕೆಲಸ ಮಗಳ ಪಾಲಿಗೆ ಬಂತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಸ್ಟುಡಿಯೋದವರು ಶೂಟಿಂಗ್ ಮಾಡಿ ತಂದು ಇವರ ಮುಂದೆ ಸುರಿದು ಹೋಗುತ್ತಾರೆ. ವಿಡಿಯೋದ ಮೊದಲಿಗೆ ಮಿಂಚುವ ಹೆಸರು ಮಾತ್ರ ಸ್ಟುಡಿಯೋದ್ದೇ. ಶಮಾ ಹೆಸರು ಎಲ್ಲೂ ಇರುವುದಿಲ್ಲ.

ಇವರ ಕಂಪ್ಯೂಟರ್ ಡಬ್ಬಿಯಲ್ಲಿ ಎರಡು ಕಾರ್ಡುಗಳಿವೆ. ಹೊಸದು ಭಾರೀ ಚುರುಕು, ಆದರೆ ಕ್ಯಾಸೆಟ್ ಪ್ಲೇಯರಿನ ವೈರು ಚುಚ್ಚಲು ಅದರಲ್ಲಿ ಜಾಗವೇ ಇಲ್ಲ. ಹಳೆಯದರಲ್ಲಿದೆ. ಹಳೆಯದು ಚಿತ್ರ ಒಳಗೆ ತಂದುಕೊಡಬೇಕು, ಹೊಸದು ಅದನ್ನು ಹಸನು ಮಾಡಬೇಕು. "ಒಂದ ಮನ್ಯಾಗ ಅಣ್ಣ ತಮ್ಮರ ಹೆಂಡ್ರು, ಇಬ್ರು ನೆಗೆಣ್ಯಾರು ಇದ್ದಂಗ್ರಿ ಸರ. ಒಂದು ಎದ್ರ ಇನ್ನೊಂದು ಮಕಾ ತಿರುವ್ತೈತಿ. ನೆಟ್ ಹಚ್ಚಿದ್ರಂತೂ ಮುಗೀತು, ನನ್ನ ಕೇಳದ ಅಪ್‌ಡೇಟ್ ಆಗಿ ಕುಂದರ್ತೈತಿ. ಆಮ್ಯಾಲ ಹಳೇದರ ಗುರ್ತ ಇಲ್ಲಂತೈತಿ!"

ಮೊನ್ನೆ ಆಗಿದ್ದೂ ಅದೇ. ಅಂಗಡಿಯವರನ್ನು ಕೇಳಿದರೆ ಎಲ್ಲರದೂ ಒಂದೇ ರಾಗ, ಹಳೆಯದನ್ನು ಬಿಸಾಡಿ ಅಂತ. ಕೇಳಿ ಬರೆದುಕೊಳ್ಳುತ್ತಿರುವ ನನಗೇ ರೇಗುತ್ತದೆ. ಬಿಸಾಡಿದರೆ ಈ ಕ್ಯಾಸೆಟ್ ನೋಡುವವರು ಯಾರಪ್ಪಾ?

ಕ್ಯಾಸೆಟ್ ದುರಗಮ್ಮನ ಮದುವೆಯದು, 1998ರದು. ಅವರನ್ನು ಸಾಕಿ ಬೆಳೆಸಿದ್ದು ಅಜ್ಜಿ ಸಣ್ಣವ್ವ. "ನಮ್ಮ ಆಯಿ ಫೋಟೋ ಅಂದ್ರ ಸೆರಗು ಮಕದ ಮ್ಯಾಲ ಎಳಕೊಳ್ಳಾಕಿ. ಒಂದೂ ಫೋಟೋ ಇಲ್ರಿ. ಮುಂದಿನ ವಾರ ಮಗಳ ಮದುವಿ. ತೀರಿಕೊಂಡ ಹಿರೇರ ಪೂಜಿಗೆ ಆಕಿ ಮಕ ಇಡಬೇಕಂತ ಆಸೆ."

ಸಣ್ಣವ್ವನ ಮುಖ ಸಿಕ್ಕರೆ ಅದು ಆಯೇರಿಯಲ್ಲೇ. ನೆಂಟರು ತಂದ ಸೀರೆ, ಧೋತರ, ರವಿಕೆಯ ಖಣವನ್ನು ಒಬ್ಬೊಬ್ಬರ ಹೆಸರು ಹಿಡಿದು ಮೈಕಿನಲ್ಲಿ ಕೂಗುವ ಹೊತ್ತದು. ಒಂದು ಹೆಸರು ಬಿಟ್ಟರೂ ಮಾತು ಬಿಡುವವರಿದ್ದಾರೆ. ದುರಗಮ್ಮ ಮೊದಲು ಬೇರೊಂದು ಸ್ಟುಡಿಯೋದಲ್ಲಿ ಈ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿದ್ದರು. ಅಲ್ಲಿಯವರು ಆಯೇರಿಯನ್ನೇ ಪೂರಾ ಹಾರಿಸಿದ್ದಾರೆ! "ಬರೇ ಬಟ್ಟಿ ಕೊಡೋದ ಐತಿ, ಬ್ಯಾಸರ ಆಕ್ಕೈತಿ ಅಂತ ಕತ್ತರಿಸ್ಯಾರಂತ್ರಿ. ಎಂಥಾ ಶಾಣ್ಯಾರಿವ್ರು!" ಎಂದು ಶಮಾ ಹಣೆ ಚಚ್ಚಿಕೊಳ್ಳುತ್ತಾರೆ.

ತಿಕ್ಕಿದ ಕಾರ್ಡು ಮತ್ತೆ ಒಳಗೆ ಸೇರಿತು. ಅದರ ಜೊತೆ ಬಂದಿದ್ದ, ಕಂಪ್ಯೂಟರಿಗೆ ಅದರ ಗುರುತು ಹೇಳಿಕೊಡುವ ಹಳೆಯ ಸಿ.ಡಿ.ಯನ್ನೂ ಹಾಕಿದ್ದಾಯಿತು. ಪರದೆ ಕಪ್ಪಗೇ ಇದೆ. ಶಮಾ ತಗಡಿನ ಮೇಲೆ ರಪ್ಪನೆ ಒಂದು ಬಿಟ್ಟರು. ಪರದೆ ನಡುಗಿತು. ಚಪ್ಪರ ಕಂಡಿತು.

ಮೈಕಿನವ ಕೂಗುತ್ತಿದ್ದಾನೆ, ಜನ ಬಂದು ಹೋಗುತ್ತಿದ್ದಾರೆ. ದೂರದಲ್ಲಿ ಮೊದಲ ಗಿರಣಿ ಗುರ್ರೆಂದಿತು. "ಇನ್ನೊಂದೀಟು ತಡಿಯೋ ಮಾರಾಯ!" ಎಂದು ಶಮಾ ಗಿರಣಿ ಕಡೆಯ ಗೋಡೆಗೆ ಬೈದರು. ಆಗಲೇ ಮೈಕಿನಲ್ಲಿ ಹೆಸರು ಬಂತು: "ಹುಡುಗಿ ಆಯಿ ಸಣ್ಣವ್ವ, ಒಂದು ಖಣ!" ಕೂಗಿದ್ದಕ್ಕೆ ಬೆಚ್ಚಿ ಮುದುಕಿಯೊಬ್ಬಳು ತಿರುಗಿದಳು. ಸೆರಗು ಜಾರಿತು. ಬೊಚ್ಚುಬಾಯಿ ತುಂಬಾ ನಗು.

"ಆಯೀ..." ದುರಗಮ್ಮ ಅಳುತ್ತಲೇ ಪರದೆಯ ಹತ್ತಿರ ಸರಿದರು.

"ಅಕ್ಕಾರ, ಅಳೋದು ಆಮ್ಯಾಲ. ಮೊದಲು ಉಳಿಸ್ಕೊಳ್ಳಾಕ ಬಿಡ್ರಿ!" ಎಂದು ಗದರುತ್ತಲೇ ಶಮಾ ಗುಂಡಿ ಒತ್ತಿದರು. ಮುಖ ಉಳಿಯಿತು. ಬೆನ್ನಿಗೇ ಕರೆಂಟು ಸೊರಗಿ ಡಬ್ಬಿ ಆರಿತು. ಶಮಾ ತಮ್ಮ ಓಡಣಿಯ ತುದಿಯಿಂದ ತಾವೂ ಕಣ್ಣೊರೆಸಿಕೊಂಡರು.

ಹೊರಡುವಾಗ ದುರಗಮ್ಮ ಕೈ ಹಿಡಿದು, "ಮದುವಿಗೆ ಬರ್ಲೇಬೇಕು ನೋಡವಾ ತಂಗಿ" ಎನ್ನುತ್ತಾರೆ.

"ಬರ್ತೀನ್ರಿ ಅಕ್ಕಾರ, ಖಣಾನೂ ತರ್ತೀನಿ," ಎನ್ನುತ್ತಾರೆ ಶಮಾ, ತಗಡಿನ ಸ್ಕ್ರೂ ಬಿಗಿಯುತ್ತ. "ಇಷ್ಟು ವರ್ಷ ಮಂದಿ ಹೆಸರು ಕೇಳಿ ಕೇಳಿ ಸಾಕಾಗೇತಿ. ಒಂದ ಸಲ ನನ್ನ ಹೆಸರೂ ಮೈಕಿನ್ಯಾಗ ಕೂಗಸ್ರಿ, ಗಂಗಾವತಿ ಶಮಾ ಅಂತ. ಮತ್ತ ಅದನ್ನ ಯಾರೂ ಕತ್ತರಿಸಬಾರ್ದು ನೋಡ್ರಿ!"